ಕಟ್ಟಿಗೆ ಸೀಳುವ ಮಷಿನ್‌ಗೆ ರೆಡಿ ಸೀಲ್ ಕಿಟ್ ಸಾಕಾ?

ಬಳ್ಳಾರಿ, ಸಂಡೂರು ಕಡೆಯ ಕಟ್ಟಿಗೆ ಅಡ್ಡೆಗಳಲ್ಲಿ ಹೈಡ್ರಾಲಿಕ್ ಮಷಿನ್‌ಗೆ ಸಿಗುವ ಕೆಲಸ ಹಗುರದ್ದಲ್ಲ. ಬಳ್ಳಾರಿ ಜಾಲಿ ಗಟ್ಟಿ ಮರ, ಗಂಟೂ ಕವಲೂ ಜಾಸ್ತಿ. ಬೆಣೆ ಗಂಟಿಗೆ ಸಿಕ್ಕಿದ ಕೂಡಲೇ ತುಂಡು ಪಕ್ಕಕ್ಕೆ ಹೊರಳುತ್ತದೆ, ನೇರವಾಗಿ ಹೋಗಬೇಕಾದ ಒತ್ತಡ ಸಿಲಿಂಡರಿನಿಂದ ಹೊರಬರುವ ರಾಡ್ ಮೇಲೆ ಅಡ್ಡಲಾಗಿ ಬೀಳುತ್ತದೆ. ಇದರ ಜೊತೆಗೆ ಅದಿರಿನ ಕೆಂಪು ಧೂಳು. ಹಾಗಾಗಿ ಇಲ್ಲಿ ಸಿಲಿಂಡರ್ ಸೋರಿದಾಗ ಎಣ್ಣೆ ತಡೆಯುವ ಸೀಲ್, ಅಂದರೆ ಬರೀ ರಬ್ಬರ್ ಬದಲಿಸಿದರೆ ರಿಪೇರಿ ಮುಗಿಯುವುದಿಲ್ಲ. ಅಂಗಡಿಯಲ್ಲಿ ಪ್ಯಾಕೆಟ್‌ನಲ್ಲಿ ಸಿಗುವ ರೆಡಿ ಕಿಟ್, ಅಳತೆ ಕೊಟ್ಟು ಆರಿಸುವ ಬಿಡಿ ಸೀಲ್, ಹೊಸ ಸಿಲಿಂಡರ್, ಈ ಮೂರನ್ನೂ ಆ ಲೆಕ್ಕದಲ್ಲೇ ನೋಡಬೇಕು.

ಮೊದಲು ಸೋರುತ್ತಿರುವ ಜಾಗ ಗೊತ್ತಾಗಬೇಕು. ರಾಡ್ ಒರೆಸಿ ನಾಲ್ಕೈದು ಸಲ ಓಡಿಸಿ. ರಾಡ್ ಮೇಲೆ ಎಣ್ಣೆಯ ತೆಳು ಪೊರೆ ಇದ್ದರೆ ಅದು ದೋಷವಲ್ಲ, ಸೀಲಿಗೆ ಆ ಜಿಡ್ಡು ಬೇಕು. ವಾಪಸ್ ಬರುವಾಗ ಹನಿಗಟ್ಟಿ ಬಿದ್ದರೆ ರಾಡ್ ಸೀಲ್ ಹೋಗಿದೆ, ಏಕೆಂದರೆ ರಾಡ್ ಬದಿಗೆ ಪೂರ್ತಿ ಪ್ರೆಷರ್ ಬರುವುದು ಆಗಲೇ. ಗ್ಲ್ಯಾಂಡ್ (ರಾಡ್ ಹೊರಬರುವ ತುದಿಯ ಮುಚ್ಚಳ) ಮತ್ತು ಬ್ಯಾರೆಲ್ (ಸಿಲಿಂಡರಿನ ಕೊಳವೆ) ಕೂಡುವ ಸಂದಿಯಲ್ಲಿ ಒದ್ದೆಯಾದರೆ ಒಳಗಿನ ಓ ರಿಂಗ್. ಹೊರಗೆ ಹನಿಯೂ ಇಲ್ಲ, ಆದರೂ ತುಂಡು ಸೀಳುವಾಗ ಮಷಿನ್ ಸೋಲುತ್ತದೆ ಎಂದರೆ ರಾಡಿನ ಒಳತುದಿಯ ಪಿಸ್ಟನ್ನಿನ ಸೀಲಿನ ಮೇಲೆ ಅನುಮಾನ ಪಡಿ. ಅದನ್ನು ಖಚಿತ ಮಾಡಿಕೊಳ್ಳಲು ರಾಡ್ ಪೂರ್ತಿ ಹೊರಗೆ ತಂದು, ಇಂಜಿನ್ ನಿಲ್ಲಿಸಿ, ಲಿವರ್ ಆಡಿಸಿ ಪ್ರೆಷರ್ ಇಳಿಸಿ. ರಾಡ್ ಬದಿಯ ಹೋಸ್ ಬಿಚ್ಚಿ ಅದರ ಬಾಯಿಗೆ ಪ್ಲಗ್ ಹಾಕಿ, ಸಿಲಿಂಡರಿನ ಪೋರ್ಟ್ ಕೆಳಗೆ ಬಕೆಟ್ ಇಡಿ. ಮತ್ತೆ ಇಂಜಿನ್ ಹಚ್ಚಿ, ದೂರ ನಿಂತು, ರಾಡ್ ಮುಂದೆ ಹೋಗುವ ಕಡೆಗೇ ಲಿವರ್ ಒತ್ತಿ. ಮೊದಲು ಬರುವ ನಾಲ್ಕು ಹನಿ ಲೆಕ್ಕಕ್ಕಿಲ್ಲ. ಧಾರೆ ನಿಲ್ಲದಿದ್ದರೆ ಪಿಸ್ಟನ್ ದಾಟಿ ಎಣ್ಣೆ ಬರುತ್ತಿದೆ. ಇದ್ಯಾವುದನ್ನೂ ಕೈಯಿಂದ ಮುಟ್ಟಿ ನೋಡಬೇಡಿ, ರಟ್ಟಿನ ತುಂಡು ಹಿಡಿಯಿರಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಗಾಯ ಸಣ್ಣದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು, ತಡವಾದರೆ ಬೆರಳು ಉಳಿಯುವುದೇ ಕಷ್ಟ.

ಈಗ ರೆಡಿ ಕಿಟ್. ಇದರ ದೊಡ್ಡ ತೊಂದರೆ ಗುಣಮಟ್ಟಕ್ಕಿಂತ ಅಳತೆಯದು. ಹೊರದೇಶದ ಮಾದರಿಯ ಮಷಿನ್‌ಗಳಲ್ಲಿ ಸಿಲಿಂಡರ್ ಇಂಚಿನ ಲೆಕ್ಕದಲ್ಲಿರುತ್ತದೆ: 4 ಇಂಚಿನ ಬೋರ್ (ಬ್ಯಾರೆಲ್ ಒಳವ್ಯಾಸ), ಅಂದರೆ 101.6 ಮಿ.ಮೀ., ಮತ್ತು ಒಂದೂಮುಕ್ಕಾಲು ಇಂಚಿನ ರಾಡ್, ಅಂದರೆ 44.45 ಮಿ.ಮೀ. ಕೌಂಟರಿನಲ್ಲಿ "ನಾಲ್ಕಿಂಚಿಂದು" ಎಂದು ಕೇಳಿದರೆ ಕೈಗೆ ಬರುವುದು 100 ಮಿ.ಮೀ. ಬೋರ್, 45 ಮಿ.ಮೀ. ರಾಡಿನ ಕಿಟ್. ಹಾಕುವಾಗ ಸಲೀಸಾಗಿ ಕೂರುತ್ತದೆ, ಲೋಡ್ ಬಿದ್ದಾಗ ಸೋರುತ್ತದೆ. ಬೋರ್‌ನಲ್ಲಿ 1.6 ಮಿ.ಮೀ. ವ್ಯತ್ಯಾಸ ಎಂದರೆ ಸೀಲಿಗೆ ಬೆಟ್ಟದಷ್ಟು. ರಾಡ್, ಬೋರ್ ಮತ್ತು ಸೀಲ್ ಕೂರುವ ತೋಡಿನ ಅಗಲ, ಆಳ, ನಾಲ್ಕನ್ನೂ ವರ್ನಿಯರ್ ಹಿಡಿದು ಬರೆದುಕೊಂಡು ಹೋಗಿ. ಹಳೇ ಸೀಲನ್ನು ಅಳೆದು ಪ್ರಯೋಜನವಿಲ್ಲ, ಅದು ಊದಿಕೊಂಡೋ ಸವೆದೋ ಇರುತ್ತದೆ.

ಎರಡನೇ ಕೊರತೆ, ಅಗ್ಗದ ಕಿಟ್‌ಗಳಲ್ಲಿ ರಾಡನ್ನು ನಟ್ಟನಡುವೆ ಹಿಡಿದಿಡುವ ಗೈಡ್ ರಿಂಗ್ ಇರುವುದೇ ಇಲ್ಲ. ಜಾಲಿ ಸೀಳಿದ ಸಿಲಿಂಡರ್ ಬಿಚ್ಚಿದರೆ ಒಳಗಿನ ಕಥೆ ಕಣ್ಣಿಗೆ ಕಾಣುತ್ತದೆ. ರಾಡಿನ ಧೂಳು ಒರೆಸುವ ವೈಪರಿನ ಹಿಂದೆ ಕೆಂಧೂಳು ಎಣ್ಣೆ ಕುಡಿದು ಕುಂಕುಮ ಕಲಸಿದಂತೆ ಗಟ್ಟಿಯಾಗಿ ಕೂತಿರುತ್ತದೆ. ಗೈಡ್ ರಿಂಗ್ ಮೇಲರ್ಧ ಹೊಸದರಂತೆ ಇದ್ದು, ಕೆಳಗಿನರ್ಧ ಕನ್ನಡಿಯಂತೆ ಹೊಳೆಯುತ್ತ ತೆಳ್ಳಗಾಗಿರುತ್ತದೆ. ರಾಡ್ ಅಷ್ಟು ಕೆಳಗೆ ಕೂತಿದೆ ಎಂದರ್ಥ. ಆ ಬದಿಯಲ್ಲಿ ಸೀಲಿನ ತುಟಿ ಜಜ್ಜಿ, ಎದುರು ಬದಿಯಲ್ಲಿ ಸಂದಿ ಬಿಟ್ಟಿರುತ್ತದೆ. ಸವೆದ ಗೈಡ್ ರಿಂಗ್ ಹಾಗೇ ಇಟ್ಟು ಎಷ್ಟೇ ಒಳ್ಳೆಯ ರಾಡ್ ಸೀಲ್ ಹಾಕಿದರೂ ಅದೂ ಅದೇ ದಾರಿ ಹಿಡಿಯುತ್ತದೆ. ಈ ಕಾರಣಕ್ಕೇ ರೆಡಿ ಕಿಟ್‌ಗೆ ನಮ್ಮ ಅಂಕ ಐದಕ್ಕೆ ಎರಡು.

ಬಿಡಿ ಸೀಲ್ ಆರಿಸಿ ಹಾಕಿಸುವುದಕ್ಕೆ ನಾಲ್ಕೂವರೆ. ಗಣಿ ಯಂತ್ರಗಳ ಕೆಲಸ ಇರುವುದರಿಂದ ಬಳ್ಳಾರಿ, ಹೊಸಪೇಟೆ ಕಡೆ ಹೈಡ್ರಾಲಿಕ್ ಬಲ್ಲ ಲೇಥ್ ಕೆಲಸಗಾರರು ಸಿಗುತ್ತಾರೆ. ಅವರಿಂದ ಕೇಳಿ ಪಡೆಯಬೇಕಾದ್ದು ಇಷ್ಟು: ರಾಡ್‌ಗೆ ಪಾಲಿಯುರಿಥೇನ್ ಯು ಸೀಲ್ (ಯು ಆಕಾರದ ತುಟಿ ಇರುವ ಸೀಲ್), ಎರಡು ತುಟಿಯ ವೈಪರ್, ಬಟ್ಟೆ ಸೇರಿಸಿ ಮಾಡಿದ ಫಿನಾಲಿಕ್ (ಗಟ್ಟಿ ರಾಳದ) ಗೈಡ್ ರಿಂಗ್, ಗ್ಲ್ಯಾಂಡಿಗೆ ಓ ರಿಂಗ್ ಜೊತೆ ಅದು ಸಂದಿಗೆ ತಳ್ಳಲ್ಪಡದಂತೆ ತಡೆಯುವ ಬ್ಯಾಕಪ್ ರಿಂಗ್, ಪಿಸ್ಟನ್ನಿಗೆ ಸೀಲ್ ಜೋಡಿ, ಹೊಸ ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಇರುವ ನಟ್). 100 ಮಿ.ಮೀ. ಬೋರ್‌ಗೆ 175 ಬಾರ್ ಕೊಟ್ಟರೆ ಸುಮಾರು 14 ಟನ್ ಒತ್ತಡ. ಆ ಭಾರ ಹೊರುವ ಪಿಸ್ಟನ್ನಿಗೆ ಹಳೇ ನಟ್ ಮತ್ತೆ ಹಾಕುವುದು ತಪ್ಪು.

ರಾಡ್ ಮೇಲೆ ಉಗುರು ಉದ್ದಕ್ಕೆ ಎಳೆದು ನೋಡಿ, ಆಮೇಲೆ ಸುತ್ತಲೂ ಎಳೆಯಿರಿ. ಉಗುರು ಸಿಕ್ಕಿಕೊಳ್ಳುವ ಗೀರಿದ್ದರೆ ಹೊಸ ಸೀಲನ್ನು ಅದು ಕೆಲವೇ ದಿನದಲ್ಲಿ ಹರಿಯುತ್ತದೆ. ಹಾರ್ಡ್ ಕ್ರೋಮ್ ಪದರ ಕೂದಲಿಗಿಂತ ತೆಳು, ಎಮರಿ ಹಾಳೆ ಹಿಡಿದು ಉಜ್ಜಿದರೆ ಕ್ರೋಮೇ ಹೋಗಿ ತುಕ್ಕು ಶುರುವಾಗುತ್ತದೆ. ಗ್ರೈಂಡ್ ಮಾಡಿ ಮತ್ತೆ ಕ್ರೋಮ್ ಹಾಕಿಸಿ, ಇಲ್ಲವೇ ಕ್ರೋಮ್ ಆದ ಹೊಸ ರಾಡ್ ಕಟ್ ಮಾಡಿಸಿ. ಬಾಗಿದೆಯೇ ಎಂದು ರಾಡನ್ನು ವಿ ಬ್ಲಾಕ್ (ವಿ ಆಕಾರದ ಆಸರೆ) ಮೇಲಿಟ್ಟು, ಡಯಲ್ ಗೇಜ್ ಹಚ್ಚಿ ತಿರುಗಿಸಿ ತೋರಿಸಲು ಹೇಳಿ. ಕಣ್ಣಳತೆಯಲ್ಲಿ "ನೆಟ್ಟಗಿದೆ" ಅಂದರೆ ಒಪ್ಪಬೇಡಿ.

ಬಿಚ್ಚುವಾಗ ಗ್ಲ್ಯಾಂಡಿಗೆ ಉಳಿ ಇಟ್ಟು ಬಡಿಯುವವರಿದ್ದಾರೆ. ಹಾಗೆ ಬಡಿದರೆ ಥ್ರೆಡ್ ಕೆಡುತ್ತದೆ, ಗ್ಲ್ಯಾಂಡಿನ ತೂತಿಗೆ ಸಿಕ್ಕಿಸಿ ತಿರುಗಿಸುವ ಪಿನ್ ಪಾನಾ ಬೇಕು. ಪಿಸ್ಟನ್ ಬಿಗಿಯಾಗಿದ್ದರೆ ಕಂಪ್ರೆಸರ್ ಗಾಳಿ ಊದುವುದಂತೂ ಬೇಡವೇ ಬೇಡ, ರಾಡ್ ಗುಂಡಿನಂತೆ ಹಾರುತ್ತದೆ. ಜೋಡಿಸುವಾಗ ಯು ಸೀಲನ್ನು ಬಿಸಿ ಎಣ್ಣೆಯಲ್ಲಿ ಸ್ವಲ್ಪ ಹೊತ್ತು ಇಟ್ಟು ಮೆತ್ತಗಾದ ಮೇಲೆ ಗೋಡಂಬಿಯ ಆಕಾರಕ್ಕೆ ಮಡಚಿ ಕೂರಿಸಿ, ಸ್ಕ್ರೂಡ್ರೈವರ್ ತಾಗಿಸಬೇಡಿ. ತುಟಿ ಎಣ್ಣೆಯ ಕಡೆಗಿರಬೇಕು. ಪಿಸ್ಟನ್ನಿನಲ್ಲಿ ಎರಡು ಯು ಸೀಲಿದ್ದರೆ ಬೆನ್ನಿಗೆ ಬೆನ್ನು ಹಚ್ಚಿ, ತುಟಿಗಳು ಎರಡು ತುದಿ ಕಡೆ. ಒಂದನ್ನು ಉಲ್ಟಾ ಹಾಕಿದರೂ ಒಂದು ಬದಿಗೆ ಬಲವೇ ಇರುವುದಿಲ್ಲ. ಬ್ಯಾಕಪ್ ರಿಂಗ್ ಪ್ರೆಷರ್ ಬರುವ ಕಡೆ ಬಿಟ್ಟು ಅದರ ಎದುರು ಬದಿಗೆ. ಬ್ಯಾರೆಲ್ ಒಳಗೆ ಪಿಸ್ಟನ್ ತಳ್ಳುವಾಗ ಪೋರ್ಟಿನ ಅಂಚು ಹೊಸ ಸೀಲನ್ನು ಸಿಪ್ಪೆಯಂತೆ ಸುಲಿಯುತ್ತದೆ. ಆ ಅಂಚನ್ನು ಮೊದಲೇ ನಯ ಮಾಡಿ, ಥ್ರೆಡ್ ಮೇಲೆ ಟೇಪ್ ಸುತ್ತಿ ದಾಟಿಸಿ.

ಬ್ಯಾರೆಲ್ ಒಳಗೆ ತುಕ್ಕಿನ ಗುಳಿ ಬಿದ್ದಿದ್ದರೆ, ಹೋನಿಂಗ್ ಮಾಡಿ ಒಳಮೈ ಉಜ್ಜಿ ನಯ ಮಾಡಿದರೂ ಹೋಗದಷ್ಟು ಆಳವಿದ್ದರೆ, ಅಥವಾ ತಳದ ವೆಲ್ಡಿಂಗ್ ಬಿರುಕು ಬಿಟ್ಟಿದ್ದರೆ ಹೊಸ ಸಿಲಿಂಡರೇ ಸರಿ. ಆರ್ಡರ್ ಕೊಡುವಾಗ ಬೋರ್ ಮತ್ತು ಸ್ಟ್ರೋಕ್ (ರಾಡ್ ಚಲಿಸುವ ದೂರ) ಹೇಳಿ ಸುಮ್ಮನಾಗಬೇಡಿ. ರಾಡ್ ಒಳಗಿದ್ದಾಗ ಪಿನ್ನಿಂದ ಪಿನ್ನಿಗೆ ಉದ್ದ, ಪಿನ್ ತೂತು, ಪೋರ್ಟಿನ ಥ್ರೆಡ್ ಎಲ್ಲವೂ ಬೇಕು. ಅರ್ಧ ಇಂಚಿನ ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್) ಮತ್ತು ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್) ಎರಡಕ್ಕೂ ಇಂಚಿಗೆ 14 ಸುತ್ತು, ಆದರೆ ಒಂದರ ಕೋನ 60 ಡಿಗ್ರಿ, ಇನ್ನೊಂದರದು 55. ಒಂದರೊಳಗೊಂದು ತಿರುಗಿ ಕೂರುತ್ತದೆ, ಎಷ್ಟು ಟೇಪ್ ಸುತ್ತಿದರೂ ಜಿನುಗುತ್ತದೆ. ಹೊಸ ಸಿಲಿಂಡರ್ ಹಾಕಿಯೂ ಸೋರಿಕೆ ನಿಲ್ಲದಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಪೂರ್ತಿ ಬಸಿದು ರಿಟರ್ನ್ ಫಿಲ್ಟರ್ ಸಹಿತ ಬದಲಿಸಿ. ಹೈಡ್ರಾಲಿಕ್ ಎಣ್ಣೆಯ 46 ಗ್ರೇಡ್ ಎಂಬ ಅಳತೆ 40 ಡಿಗ್ರಿಯಲ್ಲಿ ಎಣ್ಣೆಯ ಮಂದತನಕ್ಕೆ ಕೊಟ್ಟದ್ದು. ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಗಾಳಿಯೇ 40 ದಾಟುತ್ತದೆ, ಟ್ಯಾಂಕಿನೊಳಗೆ ಇನ್ನೂ ಹೆಚ್ಚು. ಪಂಪಿನ ಕೈಪಿಡಿ ಒಪ್ಪುವುದಾದರೆ ಬೇಸಿಗೆಗೆ ಅದಕ್ಕಿಂತ ಮಂದವಾದ 68 ಹಾಕಿ. ಟ್ಯಾಂಕ್ 80 ಡಿಗ್ರಿ ಮೀರಿದರೆ ಕೆಲಸ ನಿಲ್ಲಿಸಿ, ಆ ಬಿಸಿಗೆ ಸೀಲ್ ಬೇಗ ಗಡುಸಾಗುತ್ತದೆ.

ಜೋಡಿಸಿದ ಮೇಲೆ ತುಂಡು ಇಡದೆ ನಿಧಾನವಾಗಿ ಐದಾರು ಸಲ ಹಿಂದೆ ಮುಂದೆ ಓಡಿಸಿ ಗಾಳಿ ಬಿಡಿಸಿ. ಎಣ್ಣೆಯ ಮಟ್ಟವನ್ನು ರಾಡ್ ಒಳಗಿದ್ದಾಗಲೇ ನೋಡಿ, ಹೊರಗಿದ್ದಾಗ ತುಂಬಿಸಿದರೆ ಉಕ್ಕುತ್ತದೆ. ಮೊದಲ ದಿನದ ಕೆಲಸ ಮುಗಿದ ಮೇಲೆ ಗ್ಲ್ಯಾಂಡ್ ಮತ್ತು ಹೋಸಿನ ಜಾಯಿಂಟ್‌ಗಳನ್ನು ಇನ್ನೊಮ್ಮೆ ಒರೆಸಿ ನೋಡಿ, ರಾತ್ರಿ ರಾಡ್ ಪೂರ್ತಿ ಒಳಗೆ ಎಳೆದು ನಿಲ್ಲಿಸಿ.