ಮಕ್ಕಳ ಕಲ್ಲಿನ ಡಬ್ಬಿ: ಕಲ್ಲು ಚೆನ್ನಾಗಿವೆ, ಪುಸ್ತಿಕೆ ಸಾಲದು

ಎಂಟನೇ ಕ್ಲಾಸಿನ ಮಗಳಿಗೆ ಶಿಲೆಗಳ ಪಾಠ ಶುರುವಾಯಿತು ಅಂತ ಆನ್‌ಲೈನ್‌ನಲ್ಲಿ ಕಲ್ಲಿನ ಮಾದರಿಗಳ ಡಬ್ಬಿಯೊಂದನ್ನು ತರಿಸಿದೆ. ಬೆಲೆ 900 ರೂಪಾಯಿ ಆಸುಪಾಸು. ಖಾನೆ ಖಾನೆಯಲ್ಲಿ 20 ಕಲ್ಲು, ಒಂದು ಭೂತಗನ್ನಡಿ, ಒಂದು ತೆಳು ಪುಸ್ತಿಕೆ. ಕೊಳ್ಳಬಹುದಾ ಅಂದರೆ, ಖಂಡಿತ ಕೊಳ್ಳಿ. ಆದರೆ ಪುಸ್ತಿಕೆಯನ್ನೇ ನಂಬಿ ಕೂರಬೇಡಿ.

ನನಗೆ ತುಂಬಾ ಇಷ್ಟವಾದದ್ದು ಮೊದಲ ಸಾಲು. ಗ್ರಾನೈಟ್ ಪಕ್ಕದಲ್ಲೇ ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಮೂರನ್ನೂ ಬೇರೆ ಬೇರೆಯಾಗಿ ಇಟ್ಟಿದ್ದಾರೆ. ಮೂರನ್ನೂ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಗ್ರಾನೈಟನ್ನು ಭೂತಗನ್ನಡಿಯ ಕೆಳಗೆ ಇಟ್ಟರೆ, ಗಾಜಿನಂಥ ಚೂರು ಬೆಣಚು, ಗುಲಾಬಿ ಚೂರು ಫೆಲ್ಡ್‌ಸ್ಪಾರ್, ಮಿನುಗುವ ತೆಳು ಪದರ ಕಾಗೆಬಂಗಾರ ಅಂತ ಮಕ್ಕಳೇ ಗುರುತಿಸುತ್ತಾರೆ. ಖನಿಜಗಳು ಸೇರಿ ಶಿಲೆ ಆಗುತ್ತದೆ ಅನ್ನುವುದು ಬಾಯಿಪಾಠವಿಲ್ಲದೆ ತಲೆಗೆ ಹೋಗುತ್ತದೆ. ಬಸಾಲ್ಟ್‌ನಲ್ಲಿ ಇಂಥ ಹರಳು ಕಣ್ಣಿಗೆ ಸಿಗುವುದಿಲ್ಲ, ಯಾಕಂದರೆ ಲಾವಾ ನೆಲದ ಮೇಲೆ ಬಂದು ಬೇಗ ಆರಿತು, ಹರಳು ದೊಡ್ಡದಾಗಲು ಹೊತ್ತೇ ಸಿಗಲಿಲ್ಲ. ಗ್ರಾನೈಟ್ ನೆಲದಾಳದಲ್ಲಿ ನಿಧಾನವಾಗಿ ಆರಿದ್ದು.

ಸುಣ್ಣದಕಲ್ಲನ್ನು ಸ್ವಲ್ಪ ಕೆರೆದು ಆ ಪುಡಿಗೆ ವಿನೆಗರ್ ಹಾಕಿ, ಸಣ್ಣಗೆ ನೊರೆ ಬರುತ್ತದೆ. ಅಮೃತಶಿಲೆಗೂ ಬರುತ್ತದೆ. ಯಾಕೆ ಅಂತ ಮಗಳು ಕೇಳಿದಳು. ಸುಣ್ಣದಕಲ್ಲೇ ಭೂಮಿಯೊಳಗಿನ ಕಾವು, ಒತ್ತಡಕ್ಕೆ ಸಿಕ್ಕಿ ಅಮೃತಶಿಲೆ ಆಗಿದ್ದು ಅಂತ ಹೇಳುವುದಕ್ಕೆ ಇದಕ್ಕಿಂತ ಒಳ್ಳೆ ಸಮಯ ಬೇಕಾ? ಪ್ಯೂಮಿಸ್, ಅಂದರೆ ಜ್ವಾಲಾಮುಖಿಯಿಂದ ಬಂದ ತೂತು ತೂತಿನ ಹಗುರ ಕಲ್ಲು, ನೀರಲ್ಲಿ ತೇಲುವುದನ್ನಂತೂ ಪಕ್ಕದ ಮನೆ ಮಕ್ಕಳೂ ಬಂದು ನೋಡಿದರು.

ಈಗ ದೂರು. ನಮಗೆ ಬಂದ ಡಬ್ಬಿಯಲ್ಲಿ ಶೇಲ್ (ಕೆಸರು ಪದರ ಪದರವಾಗಿ ಕೂತು ಕಲ್ಲಾದದ್ದು) ಮತ್ತು ಸ್ಲೇಟ್ (ಶೇಲೇ ಕಾವು, ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದದ್ದು) ಚೀಟಿಗಳು ಅದಲು ಬದಲಾಗಿದ್ದವು. ತಟ್ಟಿ ನೋಡಿ, ಸ್ಲೇಟ್ ಟಣ್ ಅನ್ನುತ್ತದೆ, ಶೇಲ್ ಮಂಕಾಗಿ ಸದ್ದು ಮಾಡುತ್ತದೆ. ಪುಸ್ತಿಕೆ ಬರೆದವರು ಶಿಥಿಲೀಕರಣವನ್ನೂ ಸವೆತವನ್ನೂ ಒಂದೇ ಅಂದುಕೊಂಡಿದ್ದಾರೆ. ಬಂಡೆ ಇದ್ದಲ್ಲೇ ಬಿರಿದು ಪುಡಿಯಾಗುವುದು ಶಿಥಿಲೀಕರಣ, ಆ ಪುಡಿಯನ್ನು ನೀರು, ಗಾಳಿ ಹೊತ್ತೊಯ್ಯುವುದು ಸವೆತ. ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುವ ತಪ್ಪು ಇದು.

ನನಗೆ ಜಾಸ್ತಿ ಬೇಜಾರಾದದ್ದು ಬೇರೆ. ಒಂದೇ ಒಂದು ಕಲ್ಲಿನ ಚೀಟಿಯಲ್ಲೂ ಅದು ಎಲ್ಲಿಂದ ಬಂತು ಅಂತ ಬರೆದಿಲ್ಲ. ಊರು ಗೊತ್ತಿಲ್ಲದ ಕಲ್ಲಿನಿಂದ ಅರ್ಧ ಪಾಠ ಮಾತ್ರ ಸಿಗುತ್ತದೆ, ಅಲ್ವಾ? ಪುಸ್ತಿಕೆಯ ಚಿತ್ರಗಳೂ ಎಲ್ಲಾ ಹೊರದೇಶದ ಬೆಟ್ಟಗಳದ್ದೇ. ನಮ್ಮಲ್ಲಿ ಏನು ಕಡಿಮೆ? ಡಬ್ಬಿಯಲ್ಲಿರುವ ನೈಸ್ (gneiss) ಅನ್ನುವ ಪಟ್ಟೆ ಪಟ್ಟೆ ಶಿಲೆಯ ಚೂರನ್ನು ಹಿಡಿದು ಲಾಲ್‌ಬಾಗ್ ಬಂಡೆಯ ಹತ್ತಿರ ಹೋಗಿ, ಅದೇ ಕಪ್ಪು ಬಿಳಿ ಪಟ್ಟೆಗಳು ಕಾಲ ಕೆಳಗೇ ಇವೆ, ವಯಸ್ಸು ಸುಮಾರು 300 ಕೋಟಿ ವರ್ಷ. ಬೆಳಿಗ್ಗೆ ವಾಕಿಂಗ್ ಬರುವ ಎಷ್ಟು ಜನ ಅದನ್ನು ತುಳಿದು ಹೋಗುತ್ತಾರೋ! ರಾಮನಗರದ ಬೆಟ್ಟಗಳು ಸುಮಾರು 250 ಕೋಟಿ ವರ್ಷದ ಗ್ರಾನೈಟ್. ಮರಳುಗಲ್ಲಿಗೆ ಬಾದಾಮಿ ಇದೆ. ಬಳಪದ ಕಲ್ಲಿಗೆ ಬೇಲೂರು, ಹಳೇಬೀಡು ಇವೆ, ಕಲ್ಲು ಮೆತ್ತಗಿದ್ದದ್ದರಿಂದಲೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಲಾವಾ ಆರುವಾಗ ಬಿರಿದು ಕಂಬ ಕಂಬವಾಗಿ ನಿಂತದ್ದನ್ನು ನೋಡಲು ಮಲ್ಪೆಯಿಂದ ದೋಣಿ ಹತ್ತಿದರೆ ಸಾಕು, ಸೇಂಟ್ ಮೇರೀಸ್ ದ್ವೀಪ ಸಿಗುತ್ತದೆ. ನಾಲ್ಕು ಪುಟ ಜಾಸ್ತಿ ಹಾಕಿ ಇಷ್ಟನ್ನು ಕನ್ನಡದಲ್ಲಿ ಬರೆದು ಕೊಟ್ಟಿದ್ದರೆ ಇನ್ನೂ ನೂರು ರೂಪಾಯಿ ಕೊಡಲು ನಾನು ತಯಾರಿದ್ದೆ. ಮಾರಿದವರಿಗೂ ಇದನ್ನೇ ಬರೆದಿದ್ದೇನೆ.

ಐದಕ್ಕೆ ಮೂರೂವರೆ ಸ್ಟಾರ್. ಅಬ್ಸಿಡಿಯನ್, ಅಂದರೆ ಲಾವಾ ಆರಿ ಆದ ಗಾಜಿನಂಥ ಕಲ್ಲು, ಅದರ ಚೂರಿನ ಅಂಚು ಒಡೆದ ಗಾಜಿನಷ್ಟೇ ಚೂಪಾಗಿದೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅದೊಂದನ್ನು ತೆಗೆದು ಮೇಲಿಡಿ.