ಐಐಎಸ್‌ಸಿಯ ಇಪ್ರಿಂಟ್ಸ್: ಪ್ರಬಂಧ ಸಿಗುತ್ತದೆ, ಪಿಡಿಎಫ್ ತೆರೆಯಬೇಕಲ್ಲ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಪ್ರಿಂಟ್ಸ್ ಎಂಬ ಆನ್‌ಲೈನ್ ಸಂಶೋಧನಾ ಪ್ರಬಂಧ ಭಂಡಾರ 2002ರಿಂದ ನಡೆಯುತ್ತಿದೆ. ಅಧ್ಯಾಪಕರ ಪ್ರಬಂಧಗಳಿಗೆಂದೇ ದೇಶದಲ್ಲಿ ತೆರೆದ ಭಂಡಾರಗಳ ಪೈಕಿ ಮೊದಲ ಸಾಲಿನದು. ಲೇಖಕರು, ವಿಭಾಗ, ವರ್ಷ, ಯಾವುದರಿಂದ ಹೊರಟರೂ ಬೇಕಾದ ಪುಟ ಸಿಗುತ್ತದೆ. ಹುಡುಕಾಟದಲ್ಲಿ ಕೊರತೆ ಹೇಳುವಂತಿಲ್ಲ. ಪಿಎಚ್‌ಡಿ ಮಹಾಪ್ರಬಂಧಗಳಿಗೆ ಇಟಿಡಿ ಎಂಬ ಬೇರೆ ತಾಣವಿದೆ, ಅವನ್ನು ಅಲ್ಲಿ ಹುಡುಕಿ.

ತೊಡಕು ಪಿಡಿಎಫ್ ಒತ್ತಿದಾಗ. ಅನೇಕ ಪುಟಗಳಲ್ಲಿ ಕಡತದ ಪಕ್ಕ ‘ಪಬ್ಲಿಷ್ಡ್ ವರ್ಷನ್’, ಅದರಡಿ ‘ರಿಸ್ಟ್ರಿಕ್ಟೆಡ್ ಟು ರಿಜಿಸ್ಟರ್ಡ್ ಯೂಸರ್ಸ್ ಓನ್ಲಿ’ (ನೋಂದಾಯಿತ ಬಳಕೆದಾರರಿಗೆ ಮಾತ್ರ), ಜೊತೆಗೆ ಪ್ರತಿ ಕೇಳಲು ‘ರಿಕ್ವೆಸ್ಟ್ ಎ ಕಾಪಿ’ ಎಂಬ ಗುಂಡಿ. ಒಳಗಿರುವುದು ಪ್ರಕಾಶಕರು ಪುಟ ಕಟ್ಟಿದ ಪ್ರತಿ. ಚಂದಾ ಜರ್ನಲ್‌ಗಳಲ್ಲಿ ಅದನ್ನು ಎಲ್ಲರಿಗೂ ತೆರೆದಿಡುವ ಹಕ್ಕು ಸಾಮಾನ್ಯವಾಗಿ ಲೇಖಕರಿಗೆ ಉಳಿದಿರುವುದಿಲ್ಲ. ತೆರೆದಿಡಲು ಬಹಳಷ್ಟು ಪ್ರಕಾಶಕರು ಒಪ್ಪುವುದು ಪರಿಶೀಲಕರ ತಿದ್ದುಪಡಿ ಮುಗಿದು ಸಂಪಾದಕರು ಅಂಗೀಕರಿಸಿದ ಲೇಖಕರದೇ ಪ್ರತಿಯನ್ನು, ಅಂದರೆ ವರ್ಡ್ ಅಥವಾ ಲೇಟೆಕ್ ತಂತ್ರಾಂಶದಲ್ಲಿ ಬರೆದದ್ದನ್ನು. ಅದು ಸಂಶೋಧನಾ ವಿದ್ಯಾರ್ಥಿಯ ಲ್ಯಾಪ್‌ಟಾಪ್‌ನಲ್ಲಿದ್ದರೆ, ಅವರು ಸಂಸ್ಥೆ ಬಿಟ್ಟ ದಿನ ಅದೂ ಹೋದಂತೆಯೇ. ಅಂಗೀಕಾರದ ಇಮೇಲ್ ಬಂದ ದಿನವೇ ಆ ಪ್ರತಿಯನ್ನು ಎತ್ತಿಡಬೇಕು ಎಂಬ ಒಂದು ಮಾತು ಅಧ್ಯಾಪಕರಿಗೆ ಮುಟ್ಟಿದರೆ ಭಂಡಾರದ ಅರ್ಧ ಸಮಸ್ಯೆ ತೀರುತ್ತದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ), ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ) ಅನುದಾನ ಪಡೆದವರಿಗಂತೂ ಆ ಪ್ರತಿಯನ್ನು ಭಂಡಾರಕ್ಕೆ ಹಾಕಿ ಎಂದು ಆ ಇಲಾಖೆಗಳ 2014ರ ಡಿಸೆಂಬರ್‌ನ ನೀತಿಯೇ ಕೇಳುತ್ತದೆ.

ಪ್ರಬಂಧ ಸೇರಿಸುವುದು ಕಷ್ಟದ ಕೆಲಸವಲ್ಲ. ಇದು ಸೌತಾಂಪ್ಟನ್ ವಿಶ್ವವಿದ್ಯಾಲಯದ ಇಪ್ರಿಂಟ್ಸ್ ತಂತ್ರಾಂಶ. ಮೈಸೂರು ವಿಶ್ವವಿದ್ಯಾಲಯದ ಭಂಡಾರದಲ್ಲೂ ಇದೇ ಇದೆ. ಪ್ರಬಂಧದ ಬಗೆ, ಕಡತ, ವಿವರ, ವಿಷಯ, ಕೊನೆಗೆ ಡಿಪಾಸಿಟ್: ಐದು ಹಂತ. ಡಿಒಐ, ಅಂದರೆ ಪ್ರಬಂಧದ ಕಾಯಂ ಗುರುತು ಸಂಖ್ಯೆ, ಕೊಟ್ಟು ವಿವರ ತರಿಸಿಕೊಳ್ಳುವ ಸೌಲಭ್ಯ ಚಾಲೂ ಇದ್ದರೆ ಶೀರ್ಷಿಕೆ, ಜರ್ನಲ್, ಸಂಪುಟ ತಾವಾಗಿ ತುಂಬುತ್ತವೆ. ಆದರೂ ಲೇಖಕರ ಹೆಸರುಗಳನ್ನು ಕಣ್ಣಾರೆ ನೋಡಿ: ಇನಿಶಿಯಲ್ ಕುಲನಾಮದ ಜಾಗಕ್ಕೆ ಹೋಗಿ ಕೂತರೆ ಒಬ್ಬರೇ ಲೇಖಕರು ಪಟ್ಟಿಯಲ್ಲಿ ಇಬ್ಬರಾಗುತ್ತಾರೆ. ನಮ್ಮ ಕಡೆಯ ಹೆಸರುಗಳಿಗೆ ಈ ಪಾಡು ತಪ್ಪಿದ್ದಲ್ಲ.

ಕಡತದ ಹಂತದಲ್ಲಿ ಅವಸರ ಬೇಡ. ‘ಕಂಟೆಂಟ್’ನಲ್ಲಿ ‘ಆಕ್ಸೆಪ್ಟೆಡ್ ವರ್ಷನ್’ (ಅಂಗೀಕೃತ ಪ್ರತಿ) ಆರಿಸಿ. ತೆರೆದಿಡಲು ಪ್ರಕಾಶಕರು 12 ತಿಂಗಳ ತಡೆ ಹಾಕಿದ್ದರೆ ‘ವಿಸಿಬಲ್ ಟು’ವನ್ನು ಸಿಬ್ಬಂದಿಗೆ ಸೀಮಿತಗೊಳಿಸಿ ‘ಎಂಬಾರ್ಗೊ’ (ತಡೆ) ಮುಗಿಯುವ ತಾರೀಖು ತುಂಬಿ. ಆ ದಿನ ಬಂದಾಗ ತಂತ್ರಾಂಶವೇ ಕಡತ ತೆರೆಯುತ್ತದೆ, ಅದಕ್ಕಿರುವ ಸ್ಕ್ರಿಪ್ಟನ್ನು (ಪುಟ್ಟ ಪ್ರೋಗ್ರಾಂ) ಗ್ರಂಥಾಲಯದವರು ದಿನವೂ ಓಡುವಂತೆ ಇಟ್ಟಿದ್ದರೆ. ತಾರೀಖು ಖಾಲಿ ಬಿಟ್ಟರೆ ಯಾರಾದರೂ ಕೈಯಾರೆ ಬದಲಿಸುವವರೆಗೆ ಕಡತ ಮುಚ್ಚೇ ಇರುತ್ತದೆ. ಎಷ್ಟು ತಿಂಗಳೆಂಬುದನ್ನು ಜರ್ನಲ್‌ನ ಸ್ವಂತ ನೀತಿಪುಟದಲ್ಲೇ ನೋಡಬೇಕು. ಸಂಶೋಧಕರ ಸಾಮಾಜಿಕ ಜಾಲತಾಣ ರಿಸರ್ಚ್‌ಗೇಟ್‌ಗೆ ಹಾಕಬಾರದ ಪ್ರತಿಯನ್ನು ಸಂಸ್ಥೆಯ ಭಂಡಾರದಲ್ಲಿ ಇಡಲು ಎಷ್ಟೋ ಪ್ರಕಾಶಕರು ಬಿಡುತ್ತಾರೆ.

2025ರ ಜನವರಿಯಿಂದ ಜರ್ನಲ್‌ಗಳಿಗೆ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಬಂದಿದೆಯಲ್ಲ, ಇನ್ನು ಭಂಡಾರ ಯಾಕೆ ಎನ್ನುವವರಿದ್ದಾರೆ. ಆ ಚಂದಾ ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಓದುಗರಿಗೆ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ, ಸಣ್ಣ ಕಾರ್ಖಾನೆಯ ಎಂಜಿನಿಯರಿಗೆ ಭಂಡಾರದ ಪುಟವೇ ದಾರಿ.

ಅವರು ‘ರಿಕ್ವೆಸ್ಟ್ ಎ ಕಾಪಿ’ ಒತ್ತಿದರೆ ಕೋರಿಕೆ ಹೋಗುವುದು ದಾಖಲೆಯಲ್ಲಿರುವ ಸಂಪರ್ಕ ಇಮೇಲ್‌ಗೆ. ಅಲ್ಲಿ ವಿದ್ಯಾರ್ಥಿಯ ಹಳೆಯ ವಿಳಾಸದ ಬದಲು ಮಾರ್ಗದರ್ಶಕರ ಕಾಯಂ ವಿಳಾಸ ಹಾಕಿ.