ಒಣ ಎಲ್ಡರ್‌ಬೆರಿ: ಸಿರಪ್‌ಗೆ ಸರಿ, ಹಾಗೇ ಬಾಯಿಗೆ ಬೇಡ

ಎಲ್ಡರ್‌ಬೆರಿ ಎಂದರೆ ಕಡು ನೇರಳೆ ಬಣ್ಣದ ಪುಟ್ಟ ಹಣ್ಣು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂಬ ಮಾತಿನೊಂದಿಗೆ, ಅಮೆರಿಕದ ಅಂಗಡಿಗಳಲ್ಲಿ ಚಳಿಗಾಲ ಬಂದರೆ ಎದುರಿನ ಸಾಲಿಗೇ ಬರುವ ಸರಕು ಇದು. ಪ್ಯಾಕೆಟ್ ಮೇಲೆ 'ಸಾಂಬುಕಸ್ ನೈಗ್ರಾ' ಎಂದಿದ್ದರೆ ಯುರೋಪಿನ ತಳಿ. ಸಿರಪ್‌ಗೆ ಹೆಚ್ಚಾಗಿ ಬಳಸುವುದು ಅದನ್ನೇ. ಒಣಗಿದ ಹಣ್ಣಿನ ಕಾಳು ನೋಡಲು ಸುಕ್ಕುಗಟ್ಟಿದ ಕಾಳುಮೆಣಸಿನಂತಿರುತ್ತದೆ. ಅಂಗೈಗೆ ಸುರಿದುಕೊಂಡು ನೋಡಿ: ಕಡ್ಡಿ ಹೆಚ್ಚಿದ್ದರೆ ಆ ಪ್ಯಾಕೆಟ್ ಬಿಡಿ. ಕಡ್ಡಿ, ಎಲೆ, ಹಸಿ ಹಣ್ಣಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಲೆ, ಕಡ್ಡಿ ಸಮೇತ ಹಿಂಡಿದ ಹಸಿ ರಸ ಕುಡಿದವರು ವಾಂತಿಯಿಂದ ಆಸ್ಪತ್ರೆ ಸೇರಿದ್ದರು.

ಸಿರಪ್ ಮಾಡಲು 100 ಗ್ರಾಂ ಕಾಳಿಗೆ 1 ಲೀಟರ್ ನೀರು, ಒಂದು ತುಂಡು ಚಕ್ಕೆ, ನಾಲ್ಕು ಲವಂಗ. ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಳ ತೆಗೆದು, ನೀರು ಅರ್ಧಕ್ಕಿಳಿಯುವವರೆಗೆ 45 ನಿಮಿಷ ಕಾಯಿಸಿ. ತೆಳು ಬಟ್ಟೆಯಲ್ಲಿ ಹಿಂಡಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದು ಒಗರಾಗುತ್ತದೆ. ಉಗುರು ಬೆಚ್ಚಗಾದಾಗ ಒಂದು ಕಪ್ ಜೇನುತುಪ್ಪ ಬೆರೆಸಿ ಫ್ರಿಜ್‌ನಲ್ಲಿಡಿ. ಎರಡು ವಾರದೊಳಗೆ ಮುಗಿಸಿ. ನೊರೆ ಬಂದರೆ ಹುದುಗಿದೆ ಎಂದರ್ಥ, ಚೆಲ್ಲಿ. (ಬಿಳಿ ಬಟ್ಟೆಗೆ ತಾಗಿದರೆ ಆ ನೇರಳೆ ಕಲೆ ಸುಲಭಕ್ಕೆ ಹೋಗದು.)

ರುಚಿಗೆ ಪೂರ್ಣ ಅಂಕ. ರೋಗನಿರೋಧಕ ಶಕ್ತಿಯ ಮಾತಿಗೆ ಅರ್ಧ ಅಂಕವೂ ಜಾಸ್ತಿಯೇ: ಕೆಲವು ಸಣ್ಣ ಪ್ರಯೋಗಗಳಲ್ಲಿ ಫ್ಲೂ ಬೇಗ ಇಳಿದಿದ್ದರೂ, 2020ರಲ್ಲಿ ಪ್ರಕಟವಾದ, ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಆಸ್ಪತ್ರೆಯ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ವರ್ಷ ತುಂಬದ ಮಗುವಿಗೆ ಜೇನು ಬೆರೆತ ಇದನ್ನು ಕೊಡಲೇಬಾರದು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು ಮೊದಲು ಡಾಕ್ಟರನ್ನು ಕೇಳಿ.